ಹರಡುವುದಿಲ್ಲ ಎಂದು ಗೊತ್ತಾದದ್ದು ಹೇಗೆ

ಎಚ್‌ಐವಿ ಪರೀಕ್ಷಾ ಕೇಂದ್ರದ ಗೋಡೆಯ ಮೇಲೆ ಉತ್ತರಗಳೆಲ್ಲ ಬರೆದಿರುತ್ತವೆ. ಕೈ ಕುಲುಕಿದರೆ ಹರಡುವುದಿಲ್ಲ, ಒಂದೇ ತಾಟಿನಲ್ಲಿ ಉಂಡರೆ ಹರಡುವುದಿಲ್ಲ, ಸೊಳ್ಳೆ ಕಚ್ಚಿದರೆ ಹರಡುವುದಿಲ್ಲ. ಗದಗಿನ ಜಿಲ್ಲಾ ಆಸ್ಪತ್ರೆ ಇರಲಿ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಆಸ್ಪತ್ರೆಗಳಿರಲಿ, ಗೋಡೆಯ ಕೆಳಗೆ ಕುಳಿತ ಹುಡುಗ ಅದನ್ನೆಲ್ಲ ಓದಿಕೊಂಡೇ ಒಳಗೆ ಬರುತ್ತಾನೆ. ಬಂದು ಆಪ್ತ ಸಮಾಲೋಚಕರ ಎದುರು ಕುಳಿತು ಕೇಳುತ್ತಾನೆ: “ಅದೆಲ್ಲಾ ಖರೇ ರೀ ಸರ್. ಆದ್ರೂ ಸೊಳ್ಳಿ ಒಬ್ಬಂಗ ಕಡದು, ಹಂಗ ಬಂದು ನನಗ ಕಡದ್ರ?” ಇಲ್ಲವೆಂದರೆ ಇನ್ನೊಂದು: “ಕಟಿಂಗ್ ಅಂಗಡ್ಯಾಗ ಬ್ಲೇಡ್ ಹೊಸಾದು ಹಾಕಿದ್ನೋ ಇಲ್ಲೋ, ನೋಡ್ಲಿಲ್ರೀ ನಾ.”

ಅವನನ್ನು ದಡ್ಡ ಎನ್ನುವಂತಿಲ್ಲ. ಗೋಡೆ ಅವನಿಗೆ ಉತ್ತರ ಕೊಟ್ಟಿದೆ, ಆ ಉತ್ತರ ಬಂದ ದಾರಿಯನ್ನು ಹೇಳಿಲ್ಲ. ಯಾರು ಎಣಿಸಿದರು, ಎಲ್ಲಿ, ಎಷ್ಟು ಮಂದಿಯನ್ನು ನೋಡಿ ಹೇಳಿದರು ಎಂಬುದು ತಿಳಿಯದ ಮೇಲೆ ‘ಇಲ್ಲ’ ಎಂಬ ಮಾತು ಬರೀ ಸಮಾಧಾನದ ಮಾತಾಗಿ ಕೇಳುತ್ತದೆ. ನಡುರಾತ್ರಿ ಎಚ್ಚರಾಗಿ ಕುಳಿತವನಿಗೆ ಅಂಥ ಮಾತು ಆಸರೆಯಾಗುವುದಿಲ್ಲ. ಆದ್ದರಿಂದ ಆ ಲೆಕ್ಕವನ್ನೇ ಹೇಳಬೇಕು. ಅದರ ಹಿಂದೆ ಬೆವರು ಸುರಿಸಿದವರ ಹೆಸರುಗಳಿವೆ, ಊರುಗಳಿವೆ.

ಮೊದಲು ಸೊಳ್ಳೆಯ ವಿಷಯ. 1980ರ ದಶಕದ ನಡುವೆ ಅಮೆರಿಕದ ಫ್ಲಾರಿಡಾದಲ್ಲಿ ಬೆಲ್ ಗ್ಲೇಡ್ ಎಂಬ ಸಣ್ಣ ಊರು ಸುದ್ದಿಗೆ ಬಂತು. ಸುತ್ತ ಕಬ್ಬಿನ ಹೊಲ, ಕೂಲಿಯವರ ಕಿಕ್ಕಿರಿದ ಮನೆಗಳು, ಎಲ್ಲಿ ನೋಡಿದರೂ ಸೊಳ್ಳೆ. ಊರಿನ ಗಾತ್ರಕ್ಕೆ ಹೋಲಿಸಿದರೆ ಅಲ್ಲಿ ಏಡ್ಸ್ ಪೀಡಿತರು ಅತಿ ಹೆಚ್ಚು. ಸೊಳ್ಳೆಯೇ ಹರಡುತ್ತಿದೆ ಎಂಬ ಮಾತು ಹಬ್ಬಿತು, ಅದನ್ನು ಹೇಳಿದವರಲ್ಲಿ ವೈದ್ಯರೂ ಇದ್ದರು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದವರು ಬಂದು ಮನೆಮನೆ ಸುತ್ತಿ ರಕ್ತ ಪರೀಕ್ಷಿಸಿದರು. ಕೆನೆತ್ ಕ್ಯಾಸ್ಟ್ರೊ ಮತ್ತು ಸಂಗಡಿಗರ ವರದಿ 1988ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಅವರು ನೋಡಿದ್ದು ಸೋಂಕು ಯಾರಲ್ಲಿದೆ ಎಂಬುದನ್ನು ಮಾತ್ರ ಅಲ್ಲ, ಯಾರಲ್ಲಿ ಇಲ್ಲ ಎಂಬುದನ್ನೂ. ಎರಡರಿಂದ ಹತ್ತು ವರ್ಷದ ಮಕ್ಕಳಲ್ಲಿ ಒಬ್ಬರಿಗೂ ಸೋಂಕಿರಲಿಲ್ಲ. ಅರವತ್ತು ದಾಟಿದ ಮುದುಕರಲ್ಲೂ ಇರಲಿಲ್ಲ. ಸೊಳ್ಳೆ ವಯಸ್ಸು ನೋಡಿ ಕಚ್ಚುವುದಿಲ್ಲ. ಅಂಗಳದಲ್ಲಿ ಆಡುವ ಮಗುವಿಗೂ ಕಟ್ಟೆಯ ಮೇಲೆ ಕುಳಿತ ಅಜ್ಜನಿಗೂ ಅದು ಒಂದೇ ಸಮ ಕಚ್ಚುತ್ತದೆ. ಸೋಂಕು ಮಾತ್ರ ಲೈಂಗಿಕ ಸಂಪರ್ಕದ ವಯಸ್ಸಿನವರಲ್ಲಿ, ಸೂಜಿ ಹಂಚಿಕೊಂಡವರಲ್ಲಿ, ಸೋಂಕಿತ ತಾಯಂದಿರ ಶಿಶುಗಳಲ್ಲಿ ನಿಂತಿತ್ತು. ಮಲೇರಿಯಾ, ಡೆಂಗಿ ನೋಡಿ ಬೆಳೆದ ನಮ್ಮ ಕಡೆಯವರಿಗೆ ಈ ತರ್ಕ ಒಮ್ಮೆ ಹೇಳಿದರೆ ಸಾಕು, ತಟ್ಟನೆ ತಿಳಿಯುತ್ತದೆ. ಸೊಳ್ಳೆಯಿಂದ ಬರುವ ರೋಗ ಮನೆಗೆ ಬಂದರೆ ಮೊದಲು ಮಲಗುವವರು ಮಕ್ಕಳು.

ತಾಟು, ಲೋಟ, ಹಾಸಿಗೆ, ಪಾಯಖಾನೆಯ ಲೆಕ್ಕ ಅದಕ್ಕೂ ಮೊದಲಿನದು. ನ್ಯೂಯಾರ್ಕಿನ ಬ್ರಾಂಕ್ಸ್ ಬಡವರ ಬಡಾವಣೆ. ಅಲ್ಲಿನ ವೈದ್ಯ ಜೆರಾಲ್ಡ್ ಫ್ರೀಡ್‌ಲ್ಯಾಂಡ್ 39 ಏಡ್ಸ್ ರೋಗಿಗಳ ಮನೆಗಳಲ್ಲಿ ಜೊತೆಗೇ ಬದುಕುತ್ತಿದ್ದ 101 ಮಂದಿಯನ್ನು ಪರೀಕ್ಷಿಸಿದರು. ಇವರಾರೂ ಲೈಂಗಿಕ ಸಂಗಾತಿಗಳಲ್ಲ. ತಾಯಿ, ತಮ್ಮ, ಅಕ್ಕ, ಮಕ್ಕಳು. ತಿಂಗಳುಗಟ್ಟಲೆ ಇಕ್ಕಟ್ಟಾದ ಮನೆಯಲ್ಲಿ ಒಂದೇ ಪಾಯಖಾನೆ, ಒಂದೇ ಅಡುಗೆಮನೆ. ತಟ್ಟೆ, ಲೋಟ, ಟವೆಲ್ಲು ಹಂಚಿಕೊಂಡವರಿದ್ದರು, ಕೆಲವರು ಹಲ್ಲುಜ್ಜುವ ಬ್ರಷ್ಷನ್ನೂ ರೇಜರನ್ನೂ ಹಂಚಿಕೊಂಡಿದ್ದರು. 101ರಲ್ಲಿ ಸೋಂಕು ಕಂಡದ್ದು ಒಂದೇ ಮಗುವಿಗೆ, ಅದೂ ಹೆರಿಗೆಯ ಹೊತ್ತಿಗೆ ತಾಯಿಯಿಂದ ಬಂದಿದ್ದಿರಬೇಕು. ಈ ಲೇಖನ ಅಚ್ಚಾದದ್ದು 1986ರ ಫೆಬ್ರುವರಿಯಲ್ಲಿ.

ಆ ಫೆಬ್ರುವರಿಯನ್ನು ನೆನಪಿಟ್ಟುಕೊಳ್ಳಿ. ಅದೇ ತಿಂಗಳು ಚೆನ್ನೈನಿಂದ ಗಂಡ ಹೆಂಡತಿ ಇಬ್ಬರು ಐಸ್ ಡಬ್ಬ ಹಿಡಿದು ರಾತ್ರಿ ರೈಲು ಹತ್ತಿ ಕಾಟ್‌ಪಾಡಿಯ ಕಡೆ ಹೊರಟಿದ್ದರು.

ಹೆಂಡತಿಯ ಹೆಸರು ಸೆಲ್ಲಪ್ಪನ್ ನಿರ್ಮಲಾ, ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಮೈಕ್ರೊಬಯಾಲಜಿ ಸ್ನಾತಕೋತ್ತರ ವಿದ್ಯಾರ್ಥಿನಿ. ಪ್ರೌಢ ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದವರಿಗೆ ಗುರು ಸುನೀತಿ ಸಾಲೊಮನ್ ಅವರು ಏಡ್ಸ್ ಹುಡುಕಿ ನೋಡು ಎಂದರು. ಆಗ ನಮ್ಮ ದೇಶದಲ್ಲಿ ಆ ರೋಗ ಇಲ್ಲ, ಬರುವುದೂ ಇಲ್ಲ, ನಮ್ಮದು ಮರ್ಯಾದಸ್ಥರ ದೇಶ ಎಂಬ ನಂಬಿಕೆ ಗಟ್ಟಿಯಾಗಿತ್ತು. ಮುಂಬೈಯಲ್ಲಿ ನೋಡಿದ ಮಾದರಿಗಳೂ ನೆಗೆಟಿವ್ ಬಂದಿದ್ದವು. ನಿರ್ಮಲಾ ಅವರಿಗೂ ಏನಾದರೂ ಸಿಕ್ಕೀತೆಂಬ ಭರವಸೆ ಇರಲಿಲ್ಲ. ಆದರೂ ದಿನಾ ಬೆಳಿಗ್ಗೆ ಗಂಡ ವೀರಪ್ಪನ್ ರಾಮಮೂರ್ತಿ ಸ್ಕೂಟರಿನಲ್ಲಿ ಬಿಟ್ಟುಹೋಗುವ ರಿಮಾಂಡ್ ಹೋಮಿಗೆ ಹೋಗಿ, ಪೊಲೀಸರು ಹಿಡಿದು ತಂದಿಟ್ಟಿದ್ದ ಲೈಂಗಿಕ ಕಾರ್ಯಕರ್ತೆಯರ ರಕ್ತದ ಮಾದರಿ ತೆಗೆದರು. ಕೈಗವಸು ಇಲ್ಲ, ಯಾವ ರಕ್ಷಣೆಯೂ ಇಲ್ಲ. ಮೂರು ತಿಂಗಳಲ್ಲಿ 80ರಷ್ಟು ಮಾದರಿ ಕೂಡಿದವು. ಇಡಲು ಸರಿಯಾದ ಜಾಗವಿಲ್ಲದೆ ಅವು ನಿರ್ಮಲಾ ಅವರ ಮನೆಯ ಫ್ರಿಜ್ಜಿನಲ್ಲೇ ಇದ್ದವು. ರಕ್ತದಲ್ಲಿ ಸೋಂಕು ಪತ್ತೆಮಾಡುವ ಎಲೈಸಾ ಪರೀಕ್ಷೆಯ ಸೌಲಭ್ಯ ಚೆನ್ನೈಯಲ್ಲಿರಲಿಲ್ಲ, ಸುಮಾರು 140 ಕಿಲೋಮೀಟರು ಆಚೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿತ್ತು. ಅದಕ್ಕೇ ಆ ರೈಲು ಪ್ರಯಾಣ.

ವೆಲ್ಲೂರಿನಲ್ಲಿ ವೈರಾಣು ವಿಭಾಗದ ಟಿ. ಜೇಕಬ್ ಜಾನ್ ತಮ್ಮ ಸಹಾಯಕರಾದ ಜಾರ್ಜ್ ಬಾಬು ಮತ್ತು ಎರಿಕ್ ಸಿಮೋಯಿಸ್ ಅವರನ್ನು ಜೊತೆಗೆ ಕೊಟ್ಟರು. ಬೆಳಿಗ್ಗೆ ಎಂಟೂವರೆಗೆ ಕೆಲಸ ಶುರು. ಮಧ್ಯಾಹ್ನ ಕರೆಂಟ್ ಹೋಯಿತು, ಎಲ್ಲರೂ ಚಹಾಕ್ಕೆ ಎದ್ದರು. ಮರಳಿ ಬಂದು ಪರೀಕ್ಷಾ ತಟ್ಟೆಯ ಮುಚ್ಚಳ ತೆಗೆದರೆ ಆರು ಕುಳಿಗಳಲ್ಲಿ ದ್ರವ ಹಳದಿಯಾಗಿತ್ತು, ಅಂದರೆ ಆರು ಮಾದರಿಗಳು ಪಾಸಿಟಿವ್. ಮೊದಲು ನಂಬಿಕೆಯೇ ಬರಲಿಲ್ಲ. ಆ ಆರು ಮಹಿಳೆಯರ ರಕ್ತ ಮತ್ತೆ ತೆಗೆದು ಅಮೆರಿಕಕ್ಕೆ ಒಯ್ದು ವೆಸ್ಟರ್ನ್ ಬ್ಲಾಟ್ ಪರೀಕ್ಷೆ ಮಾಡಿಸಿದರು. ಅಲ್ಲೂ ಖಚಿತವಾಯಿತು. ಆ ಮೇ ತಿಂಗಳಲ್ಲಿ ತಮಿಳುನಾಡಿನ ಆರೋಗ್ಯ ಸಚಿವ ಎಚ್.ವಿ. ಹಂದೆ ವಿಧಾನಸಭೆಯಲ್ಲಿ ವಿಷಯ ತಿಳಿಸಿದರು.

ನಿರ್ಮಲಾ ಬರಿಗೈಯಲ್ಲಿ ರಕ್ತ ತೆಗೆದದ್ದನ್ನು ಓದಿದಾಗಲೆಲ್ಲ ನನಗೆ ಎದೆ ಝಲ್ಲೆನ್ನುತ್ತದೆ. ಆದರೆ ಆ ಅಪಾಯಕ್ಕೂ ಆಮೇಲೆ ಲೆಕ್ಕ ಸಿಕ್ಕಿತು. ಸೋಂಕಿತರ ರಕ್ತವಿದ್ದ ಸೂಜಿ ಚುಚ್ಚಿಸಿಕೊಂಡ ನರ್ಸುಗಳು, ವೈದ್ಯರು, ಲ್ಯಾಬ್ ಸಿಬ್ಬಂದಿಯನ್ನು ಹಲವು ದೇಶಗಳಲ್ಲಿ ಹಿಂಬಾಲಿಸಿ ನೋಡಿದಾಗ ಸಾವಿರ ಚುಚ್ಚಿನಲ್ಲಿ ಸುಮಾರು ಮೂರರಿಂದ ಸೋಂಕು ತಗುಲಿತ್ತು. ಅದು ಹಸಿ ರಕ್ತ ತುಂಬಿದ, ಚರ್ಮ ಸೀಳಿ ಒಳಹೋದ ಸೂಜಿಯ ಲೆಕ್ಕ. ದೇಹದಿಂದ ಹೊರಬಂದು ಒಣಗಿದ ರಕ್ತದಲ್ಲಿ ಈ ವೈರಸ್ಸು ಕೆಲವೇ ಗಂಟೆಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಾಯುತ್ತದೆ. ಕಟಿಂಗ್ ಅಂಗಡಿಯ ಬ್ಲೇಡನ್ನು ಈ ಎರಡು ಮಾತಿನ ಎದುರು ಇಟ್ಟು ನೋಡಬೇಕು. ಹೊಸ ಬ್ಲೇಡ್ ಹಾಕು ಎಂದು ಕೇಳುವುದು ಒಳ್ಳೆಯದೇ, ಯಾಕೆಂದರೆ ಹೆಪಟೈಟಿಸ್ ಬಿ ಇದಕ್ಕಿಂತ ಎಷ್ಟೋ ಪಾಲು ಸಲೀಸಾಗಿ ರಕ್ತದಿಂದ ಹರಡುತ್ತದೆ, ಅದಕ್ಕೆ ಲಸಿಕೆಯೂ ಇದೆ. ಎಚ್‌ಐವಿಯ ಹೆಸರಿನಲ್ಲಿ ಆ ಬ್ಲೇಡನ್ನು ನೆನೆದು ತಿಂಗಳುಗಟ್ಟಲೆ ನಿದ್ದೆಗೆಡಲು ಆಧಾರವಿಲ್ಲ.

ಗೊತ್ತಾದ ಮೇಲೂ ಗೊತ್ತಿಲ್ಲದವರ ಹಾಗೆ ನಡೆದುಕೊಂಡ ಕತೆ ನಮ್ಮ ಪಕ್ಕದಲ್ಲೇ ಇದೆ. ಗದಗಿನ ಸ್ಟೇಷನ್ನಿನ ಮೇಲೆ ಹಾದು ಹುಬ್ಬಳ್ಳಿ, ಲೋಂಡಾ ದಾಟುವ ರೈಲು ವಾಸ್ಕೊ ಮುಟ್ಟುತ್ತದೆ. ದುಡಿಮೆಗೆಂದು ನಮ್ಮ ಮಂದಿ ಗೋವಾಕ್ಕೆ ಹೋಗುವ ದಾರಿ ಅದು. ಆ ಗೋವಾದಲ್ಲಿ 1989ರ ಫೆಬ್ರುವರಿಯಲ್ಲಿ ಡೊಮಿನಿಕ್ ಡಿಸೋಜಾ ಎಂಬ ಯುವಕನನ್ನು ಪೊಲೀಸರು ಕರೆದೊಯ್ದರು. ಡೊಮಿನಿಕ್ ಮಾಡಿದ್ದು ರಕ್ತದಾನ. ಆ ರಕ್ತದಲ್ಲಿ ಎಚ್‌ಐವಿ ಕಂಡಿತ್ತು. ಗೋವಾದ ಸಾರ್ವಜನಿಕ ಆರೋಗ್ಯ ಕಾಯ್ದೆಯ ಪ್ರಕಾರ ಅವರನ್ನು ಹಳೆಯ ಕ್ಷಯರೋಗ ಆಸ್ಪತ್ರೆಯೊಂದರಲ್ಲಿ 64 ದಿನ ಒಂಟಿಯಾಗಿ ಕೂಡಿಹಾಕಿದರು. ತಾಯಿ ಲೂಸಿ ಡಿಸೋಜಾ ಮುಂಬೈ ಹೈಕೋರ್ಟಿನ ಮೆಟ್ಟಿಲೇರಿದರು. ಮಗ ಹೊರಗೆ ಬಂದನಾದರೂ ಕೋರ್ಟು ಕಡೆಗೆ ಆ ಕಾನೂನನ್ನೇ ಎತ್ತಿಹಿಡಿಯಿತು. ಒಂದೇ ಮನೆಯಲ್ಲಿದ್ದರೆ ಹರಡುವುದಿಲ್ಲ ಎಂದು ಬ್ರಾಂಕ್ಸಿನ 101 ಮಂದಿ ತೋರಿಸಿ ಆಗಲೇ ಮೂರು ವರ್ಷವಾಗಿತ್ತು. ಡೊಮಿನಿಕ್ 1992ರಲ್ಲಿ ತೀರಿಕೊಂಡರು, ತೀರಿಕೊಳ್ಳುವ ಮೊದಲು ಸೋಂಕಿತರಿಗಾಗಿ ಸಂಘಟನೆಯೊಂದನ್ನು ಕಟ್ಟಿಹೋದರು. ಅಂಥ ಕೂಡಿಹಾಕುವಿಕೆಯನ್ನು ತಡೆಯುವ ಕಾನೂನು ದೇಶಕ್ಕೆ ಬಂದದ್ದು 2017ರಲ್ಲಿ, ಜಾರಿಯಾದದ್ದು 2018ರ ಸೆಪ್ಟೆಂಬರ್ 10ರಂದು. ಇಂದು ಒಪ್ಪಿಗೆಯಿಲ್ಲದೆ ಯಾರ ರಕ್ತವನ್ನೂ ಎಚ್‌ಐವಿಗೆ ಪರೀಕ್ಷಿಸುವಂತಿಲ್ಲ, ಫಲಿತಾಂಶವನ್ನು ಊರಿಗೆ ಹೇಳುವಂತಿಲ್ಲ. ಸಣ್ಣ ಊರಿನಲ್ಲಿ ಪರೀಕ್ಷೆಗೆ ಹೋಗಲು ಹೆದರುವವರು ಮುಖ್ಯವಾಗಿ ಹೆದರುವುದು ಇದಕ್ಕೇ. ಅವರಿಗೆ ಈ ಕಾನೂನನ್ನು ಹೇಳಲೇಬೇಕು.

ನಮ್ಮ ಭಾಗಕ್ಕೆ ಈ ಭಯ ಸುಮ್ಮನೆ ಬಂದದ್ದಲ್ಲ. ಗದಗ ಜಿಲ್ಲೆಗೆ ಹೊಂದಿಕೊಂಡಿರುವ ಬಾಗಲಕೋಟೆ ಜಿಲ್ಲೆಯಲ್ಲಿ 2003ರಲ್ಲಿ ಸಾಮಾನ್ಯ ಜನರ ನಡುವೆಯೇ ಸಮೀಕ್ಷೆ ಮಾಡಿದಾಗ ನೂರಕ್ಕೆ ಸುಮಾರು ಮೂವರಲ್ಲಿ ಸೋಂಕಿತ್ತು. ಅದು ದೇಶದ ಅತಿ ಹೆಚ್ಚಿನ ಪ್ರಮಾಣಗಳಲ್ಲೊಂದು. ದೇವದಾಸಿ ಪದ್ಧತಿ, ಬರಗಾಲದ ಗುಳೆ, ಹೆದ್ದಾರಿಯ ಲಾರಿಗಳು ಎಲ್ಲವೂ ಅದರಲ್ಲಿ ಸೇರಿದ್ದವು. ಅದೇ ವರ್ಷ ಹುಟ್ಟಿದ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ರಾಜ್ಯದ ಏಡ್ಸ್ ಪ್ರಿವೆನ್ಷನ್ ಸೊಸೈಟಿ, ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದವರು ಲೈಂಗಿಕ ಕಾರ್ಯಕರ್ತೆಯರನ್ನೇ ಮುಂದಿಟ್ಟುಕೊಂಡು ಕೆಲಸ ಮಾಡಿದರು. ಕಾಂಡೋಮು, ಗುಹ್ಯರೋಗಗಳ ಚಿಕಿತ್ಸೆ, ಪೊಲೀಸರ ಕಾಟದಿಂದ ರಕ್ಷಣೆ, ಮೂರೂ ಒಟ್ಟಿಗೇ ನಡೆದವು. ದಕ್ಷಿಣದ ರಾಜ್ಯಗಳಲ್ಲಿ 15ರಿಂದ 24ರ ವಯಸ್ಸಿನ ಬಸುರಿಯರಲ್ಲಿ ಸೋಂಕು 2000ದಲ್ಲಿ ನೂರಕ್ಕೆ 1.7 ಇದ್ದದ್ದು 2004ಕ್ಕೆ 1.1ಕ್ಕೆ ಇಳಿದಿತ್ತೆಂದು ರಾಜೇಶ್ ಕುಮಾರ್, ಪ್ರಭಾತ್ ಝಾ ಮತ್ತಿತರರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತೋರಿಸಿದರು. ಇಳಿಸಿದ ಕೀರ್ತಿಯಲ್ಲಿ ದೊಡ್ಡ ಪಾಲು, ನಮ್ಮ ಊರುಗಳು ಬೀದಿಯಲ್ಲಿ ಮುಖ ತಿರುಗಿಸಿಕೊಳ್ಳುವ ಆ ಹೆಂಗಸರದು.

ಇನ್ನು ಎಲ್ಲರೂ ಕೇಳಲು ನಾಚುವ ಪ್ರಶ್ನೆ. ಒಂದು ಸಲದ ಸಂಪರ್ಕದಿಂದ ಎಷ್ಟು ಅಪಾಯ?

ಅದರ ಲೆಕ್ಕ ಉಗಾಂಡಾದ ರಕಾಯ್ ಜಿಲ್ಲೆಯ ಹಳ್ಳಿಗಳಿಂದ ಬಂತು. 2000ದಲ್ಲಿ ಥಾಮಸ್ ಕ್ವಿನ್ ಮತ್ತು ಸಂಗಡಿಗರು, ಗಂಡ ಹೆಂಡಿರಲ್ಲಿ ಒಬ್ಬರಿಗೆ ಮಾತ್ರ ಸೋಂಕಿದ್ದ 415 ಜೋಡಿಗಳ ವಿವರ ಪ್ರಕಟಿಸಿದರು. ಮುಂದಿನ ವರ್ಷ ರೊನಾಲ್ಡ್ ಗ್ರೇ ಅವರ ತಂಡ ಒಂದು ಸಲದ ಸಂಪರ್ಕಕ್ಕೆ ಲೆಕ್ಕ ಹಾಕಿತು: ಕಾಂಡೋಮಿಲ್ಲದ ಸಾವಿರ ಸಂಪರ್ಕಕ್ಕೆ ಸರಾಸರಿ ಒಂದರಷ್ಟು. ಜನನಾಂಗದ ಮೇಲೆ ಹುಣ್ಣಿದ್ದರೆ ಅದು ನಾಲ್ಕರಷ್ಟಾಗುತ್ತದೆ. ಸೋಂಕು ತಗುಲಿದ ಮೊದಲ ವಾರಗಳಲ್ಲಿ ಇನ್ನೂ ಜಾಸ್ತಿ. ಗುದ ಸಂಭೋಗದಲ್ಲಿ, ಒಳಗೊಳ್ಳುವವರಿಗೆ, ಹತ್ತು ಪಟ್ಟಿಗಿಂತ ಹೆಚ್ಚು. ಸರಾಸರಿ ಎಂಬುದು ಯಾರಿಗೂ ಖಾತರಿ ಚೀಟಿ ಕೊಡುವುದಿಲ್ಲ, ಒಂದೇ ಸಲಕ್ಕೆ ತಗುಲಿದವರೂ ಇದ್ದಾರೆ. ಕಾಂಡೋಮಿನ ಅಗತ್ಯ ಅಲ್ಲಿಯೇ ಇದೆ. ಆದರೆ ಒಂದು ತಪ್ಪಿಗೆ ಮರಣದಂಡನೆ ಖಚಿತ ಎಂದು ಕುಳಿತವನಿಗೆ ಈ ಅಂಕಿ ಉಸಿರಾಡಲು ಜಾಗ ಕೊಡುತ್ತದೆ.

ಈ ಅಂಕಿಗಳಿಗೊಂದು ನೋವಿನ ಹಿನ್ನೆಲೆಯಿದೆ. ಆಗ ಆ ಹಳ್ಳಿಗಳಿಗೆ ವೈರಸ್ ಹತ್ತಿಕ್ಕುವ ಔಷಧ ಸಿಗುತ್ತಿರಲಿಲ್ಲ. 415 ಜೋಡಿಗಳಲ್ಲಿ 90 ಮಂದಿಗೆ ಅಧ್ಯಯನದ ಅವಧಿಯಲ್ಲೇ ಸೋಂಕು ದಾಟಿತು. ಇಂಥ ಅಧ್ಯಯನ ಸರಿಯೇ ಎಂದು ಅದನ್ನು ಅಚ್ಚುಹಾಕಿದ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನ ಸಂಪಾದಕಿ ಮಾರ್ಸಿಯಾ ಏಂಜೆಲ್ ಅದೇ ಸಂಚಿಕೆಯಲ್ಲಿ ಕೇಳಿದರು. ನಾವು ನೆಮ್ಮದಿಗೆಂದು ಬಳಸುವ ಸಂಖ್ಯೆಗಳ ಹಿಂದೆ ಆ ಬಡ ರೈತರಿದ್ದಾರೆ ಎಂಬುದನ್ನು ಮರೆಯಬಾರದು.

ಅವರಿಂದಲೇ ಮುಂದಿನ ದಾರಿಯೂ ಕಂಡಿತು. ರಕ್ತದಲ್ಲಿ ವೈರಸ್ ಪ್ರಮಾಣ ಮಿಲಿಲೀಟರಿಗೆ 1500ಕ್ಕಿಂತ ಕಡಿಮೆ ಇದ್ದವರಿಂದ ಸಂಗಾತಿಗೆ ಒಮ್ಮೆಯೂ ಸೋಂಕು ದಾಟಿರಲಿಲ್ಲ. ಹಾಗಾದರೆ ಔಷಧದಿಂದಲೇ ಆ ಪ್ರಮಾಣ ಇಳಿಸಿದರೆ? ಮೈರನ್ ಕೋಹೆನ್ ನೇತೃತ್ವದಲ್ಲಿ ಒಂಬತ್ತು ದೇಶಗಳ 1763 ಜೋಡಿಗಳು ಆ ಪ್ರಯೋಗಕ್ಕೆ ಒಪ್ಪಿದರು. ಭಾರತದಲ್ಲಿ ಪುಣೆ, ಚೆನ್ನೈ ಎರಡೂ ಕಡೆ ಅದು ನಡೆಯಿತು. ಚೆನ್ನೈಯ ಕೇಂದ್ರ ಸುನೀತಿ ಸಾಲೊಮನ್ ಅವರೇ 1993ರಲ್ಲಿ ಕಟ್ಟಿದ ವೈಆರ್‌ಜಿ ಕೇರ್. ಶಿಷ್ಯೆಯನ್ನು ರಿಮಾಂಡ್ ಹೋಮಿಗೆ ಕಳಿಸಿದ ಅದೇ ಗುರು! 2011ರಲ್ಲಿ ಫಲಿತಾಂಶ ಬಂತು. ಸಂಗಾತಿಯಿಂದಲೇ ದಾಟಿದ್ದೆಂದು ಖಚಿತವಾದ 28 ಸೋಂಕುಗಳಲ್ಲಿ ಬೇಗ ಔಷಧ ಶುರುಮಾಡಿದವರ ಗುಂಪಿನದು ಒಂದೇ ಒಂದು, ಉಳಿದ 27 ತಡವಾಗಿ ಶುರುಮಾಡಿದವರವು. ಆಮೇಲೆ ಯುರೋಪಿನ ಪಾರ್ಟ್‌ನರ್ ಅಧ್ಯಯನಗಳು 2016ರಲ್ಲೂ 2019ರಲ್ಲೂ ಇನ್ನಷ್ಟು ಸ್ಪಷ್ಟಮಾಡಿದವು: ಔಷಧದಿಂದ ವೈರಸ್ ಹತ್ತಿಕ್ಕಿಕೊಂಡವರ ಜೊತೆ ಕಾಂಡೋಮಿಲ್ಲದೆ ನಡೆದ ಒಂದು ಲಕ್ಷಕ್ಕೂ ಹೆಚ್ಚು ಸಂಪರ್ಕಗಳಲ್ಲಿ ಅವರಿಂದ ಸಂಗಾತಿಗೆ ದಾಟಿದ ಸೋಂಕು ಸೊನ್ನೆ. ಈ ಔಷಧ ಕೊಡುವ ಎಆರ್‌ಟಿ ಕೇಂದ್ರದಿಂದ ಮಾತ್ರೆ ಒಯ್ದು ದಿನಾ ತಪ್ಪದೆ ನುಂಗುವ, ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ ಪ್ರಮಾಣ, ಕಾಣದಷ್ಟು ಇಳಿದಿರುವ ನಮ್ಮೂರಿನ ಗಂಡ ಹೆಂಡಿರಿಗೆ ಈ ಸೊನ್ನೆಯನ್ನು ಯಾರಾದರೂ ಕೂರಿಸಿಕೊಂಡು ಹೇಳಿದ್ದಾರೆಯೇ? ಬಹಳ ಮಂದಿಗೆ ಹೇಳಿಲ್ಲ ಎಂಬುದೇ ನನ್ನ ಸಂಕಟ.

ಇಷ್ಟೆಲ್ಲ ಲೆಕ್ಕ ಕೇಳಿಯೂ ಹೋಗದ ಭಯ ಒಂದಿದೆ. ಅದನ್ನೂ ಒಬ್ಬರು ಕಂಡುಹಿಡಿಯಬೇಕಾಯಿತು.

ಆ ಭಯ ನಮ್ಮ ಕಡೆ ಸಾಮಾನ್ಯವಾಗಿ ಹೀಗಿರುತ್ತದೆ. ದುಡಿಯಲು ಹೋದಲ್ಲಿ ಒಂದು ಸಲ ಹಾದಿ ತಪ್ಪಿದ ಹುಡುಗ. ಊರಿಗೆ ಬಂದ ಮೇಲೆ ಮೈಬಿಸಿ, ಗಂಟಲು ಕೆರೆತ, ಬೆವರು. ಹಸಿವಿಲ್ಲ, ತೂಕ ಇಳಿಯಿತು. ಲಕ್ಷ್ಮೇಶ್ವರದಲ್ಲಿ ಪರೀಕ್ಷೆ ಮಾಡಿಸಿದರೆ ನೆಗೆಟಿವ್. ಲ್ಯಾಬಿನವರು ಬಾಟಲಿ ಅದಲುಬದಲು ಮಾಡಿರಬಹುದೆಂದು ಗದಗಿನಲ್ಲಿ ಇನ್ನೊಮ್ಮೆ. ಪರಿಚಯದವರು ಕಂಡಾರೆಂದು ಹುಬ್ಬಳ್ಳಿಯಲ್ಲಿ ಮತ್ತೊಮ್ಮೆ. ಮನೆಯಲ್ಲಿ ಮದುವೆಯ ಮಾತೆತ್ತಿದರೆ ಎದ್ದು ಹೊರಗೆ ನಡೆಯುತ್ತಾನೆ. ಅವ್ವ ದೃಷ್ಟಿ ತೆಗೆಯುತ್ತಾಳೆ.

1985ರಲ್ಲೇ ಲಂಡನ್ನಿನ ಡೇವಿಡ್ ಮಿಲ್ಲರ್ ಮತ್ತು ಸಂಗಡಿಗರು ಇಂಥವರ ಬಗ್ಗೆ ಬರೆದರು. ಆತಂಕ ತರುವ ಬೆವರು, ಸುಸ್ತು, ಭೇದಿ, ತೂಕ ಇಳಿತಗಳು ಏಡ್ಸಿನ ಲಕ್ಷಣಗಳ ಪಟ್ಟಿಯಲ್ಲೂ ಇದ್ದವು. ಹೆದರಿದವನಿಗೆ ತನ್ನ ಹೆದರಿಕೆಯೇ ರೋಗದ ಸಾಕ್ಷಿಯಾಗಿ ಕಾಣುತ್ತಿತ್ತು. ಅದೇ ಹೊತ್ತಿಗೆ ಹಿಲರಿ ವಾರ್ವಿಕ್ ಮತ್ತು ಪಾಲ್ ಸಾಲ್ಕೋವ್‌ಸ್ಕಿಸ್ ಎಂಬ ಬ್ರಿಟನ್ನಿನ ಇಬ್ಬರು, ಇಂಥ ರೋಗಭಯದವರನ್ನು ಹತ್ತಿರದಿಂದ ಗಮನಿಸಿ ವೈದ್ಯರಿಗೆ ಕಹಿಯಾದ ಸಂಗತಿಯೊಂದನ್ನು ಹೇಳಿದರು. ‘ನಿನಗೇನೂ ಆಗಿಲ್ಲ’ ಎಂಬ ಭರವಸೆ ಕೊಟ್ಟ ಕೂಡಲೇ ಭಯ ಇಳಿಯುತ್ತದೆ. ಸ್ವಲ್ಪ ಹೊತ್ತಿಗೆ ಮರಳಿ ಬರುತ್ತದೆ, ಮತ್ತೊಮ್ಮೆ ಕೇಳಬೇಕೆಂಬ ತುಡಿತವನ್ನು ಜೊತೆಗೆ ತರುತ್ತದೆ. ಕೆರೆದಷ್ಟೂ ಹೆಚ್ಚುವ ತುರಿಯ ಹಾಗೆ. ಕೇಳುವುದನ್ನು, ಮೈ ತಡವಿ ನೋಡಿಕೊಳ್ಳುವುದನ್ನು ಒಪ್ಪಂದ ಮಾಡಿಕೊಂಡು ನಿಲ್ಲಿಸಿದರೆ ಮೊದಲು ಸಂಕಟ ಏರಿ, ಆಮೇಲೆ ತಾನಾಗಿ ಕುಗ್ಗುತ್ತದೆ. ಅಂದರೆ ಆ ಹುಡುಗನ ಎರಡನೆಯ, ಮೂರನೆಯ ಪರೀಕ್ಷೆಗಳು ಅವನ ಭಯಕ್ಕೆ ಔಷಧವಾಗಿರಲಿಲ್ಲ, ಮೇವಾಗಿದ್ದವು. ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಪ್ರಭಾ ಚಂದ್ರ ಅವರಂಥ ಮನೋವೈದ್ಯರು 1990ರ ದಶಕದಿಂದಲೇ ಎಚ್‌ಐವಿ ಮತ್ತು ಮನಸ್ಸಿನ ನಂಟಿನ ಮೇಲೆ ಕೆಲಸ ಮಾಡಿದ್ದಾರೆ, ಸಮಾಲೋಚಕರನ್ನು ತಯಾರು ಮಾಡಿದ್ದಾರೆ.

ಹಾಗಾಗಿ ಒಳ್ಳೆಯ ಸಮಾಲೋಚಕರು ಮೊದಲು ತಾರೀಖು ಕೇಳುತ್ತಾರೆ. ಅಪಾಯದ ಸಂಪರ್ಕವಾಗಿ 72 ಗಂಟೆ ಮೀರಿಲ್ಲದಿದ್ದರೆ ಮಾತು ಆಮೇಲೆ, ಮೊದಲು ವೈದ್ಯರ ಬಳಿ ಓಡಬೇಕು. ಸೋಂಕು ತಡೆಯುವ ಔಷಧವನ್ನು ಎಷ್ಟು ಬೇಗ ಶುರುಮಾಡಿದರೆ ಅಷ್ಟು ಒಳ್ಳೆಯದು, 28 ದಿನ ಬಿಡದೆ ನುಂಗಬೇಕು. ಆ ಗಡುವು ದಾಟಿದ್ದರೆ ಕಾಯುವುದೊಂದೇ ದಾರಿ. ಸೋಂಕು ತಗುಲಿದ್ದರೂ ಪರೀಕ್ಷೆಯಲ್ಲಿ ಕಾಣದ ಅವಧಿ ಇದು, ವಿಂಡೋ ಪೀರಿಯಡ್ ಎನ್ನುವುದು ಇದಕ್ಕೇ. ಪ್ರಯೋಗಾಲಯದ ನಾಲ್ಕನೆಯ ತಲೆಮಾರಿನ ಪರೀಕ್ಷೆ 45 ದಿನಕ್ಕೆ ಬಹುತೇಕ ಖಚಿತ ಉತ್ತರ ಕೊಡುತ್ತದೆ, ಬೆರಳು ಚುಚ್ಚಿ ಮಾಡುವ ರ‍್ಯಾಪಿಡ್ ಪರೀಕ್ಷೆಗೆ ಮೂರು ತಿಂಗಳು ಎಂದಿಟ್ಟುಕೊಳ್ಳಬೇಕು. ಆ ದಿನವನ್ನು ಚೀಟಿಯಲ್ಲಿ ಬರೆದುಕೊಟ್ಟು, ಅಂದು ಪರೀಕ್ಷೆ ಮಾಡಿ, ಸಿಫಿಲಿಸ್ಸಿಗೂ ಒಮ್ಮೆ ನೋಡಿ, ನೆಗೆಟಿವ್ ಎಂದಾದರೆ ಅಲ್ಲಿಗೆ ಮುಗಿಸಬೇಕು. ಪಾಸಿಟಿವ್ ಬಂದರೂ ಬದುಕು ಮುಗಿಯುವುದಿಲ್ಲ. 2004ರಿಂದ ಸರ್ಕಾರ ಎಆರ್‌ಟಿಯನ್ನು ಉಚಿತವಾಗಿ ಕೊಡುತ್ತಿದೆ, 2017ರಿಂದ ಸೋಂಕು ಖಚಿತವಾದ ಎಲ್ಲರಿಗೂ ತಡಮಾಡದೆ ಶುರುಮಾಡುತ್ತಿದೆ.

ನೆಗೆಟಿವ್ ಚೀಟಿ ಕೈಯಲ್ಲಿದ್ದೂ ನಿದ್ದೆ ಬಾರದವನಿಗೆ ಬೇಕಾದದ್ದು ಮತ್ತೊಂದು ಹನಿ ರಕ್ತದ ಪರೀಕ್ಷೆಯಲ್ಲ. “ಈಗ ರಕ್ತದ್ದು ಮುಗೀತಪಾ. ಇನ್ನ ನಿದ್ದಿದು ನೋಡೂಣು,” ಎಂದು ಹೇಳಿ ಧಾರವಾಡದ ಡಿಮ್ಹಾನ್ಸ್‌ಗೋ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೋ ಕಳಿಸಿಕೊಡಬೇಕು. ಬಸ್ಸು ಹತ್ತಲೂ ಸಂಕೋಚವಾದರೆ ಫೋನಿದೆ. ಎಚ್‌ಐವಿ ಬಗ್ಗೆ ಕೇಳಲು 1097, ಮನಸ್ಸಿನ ಕಷ್ಟ ಹೇಳಿಕೊಳ್ಳಲು ಟೆಲಿ ಮಾನಸ್‌ನ 14416. ಎರಡೂ ಉಚಿತ, ಹಗಲಿರುಳು ನಡೆಯುತ್ತವೆ, ಕನ್ನಡದಲ್ಲಿ ಮಾತಾಡಬಹುದು, ಹೆಸರು ಹೇಳಬೇಕಾಗಿಲ್ಲ.